ಹೊಟ್ಟೆ ತೊಳೆಯುವ ಚರಿತ್ರೆ

'ಡೀಟಾಕ್ಸ್' ಅನ್ನೋ ಶಬ್ದ ನಮ್ಮ ಆಫೀಸಿನ ಕ್ಯಾಂಟೀನಿಗೆ ಬಂದು ತುಂಬಾ ದಿನವಾಯ್ತು. ಒಬ್ಬನದು ಬೆಳಿಗ್ಗೆ ಜೇನು-ನಿಂಬೆ ನೀರು, ಇನ್ನೊಬ್ಬಳದು ಬೂದುಗುಂಬಳದ ರಸ, ಮತ್ತೊಬ್ಬನದು ಮೂರು ದಿನ ಬರೀ ಜ್ಯೂಸು. ಯಾಕೆ ಅಂತ ಕೇಳಿದರೆ ಎಲ್ಲರದೂ ಒಂದೇ ಉತ್ತರ: "ಬಾಡೀಲಿರೋ ಟಾಕ್ಸಿನ್ಸ್ ಎಲ್ಲಾ ಹೊರಗೆ ಹೋಗತ್ತೆ ಕಣೋ." ಯಾವ ಟಾಕ್ಸಿನ್ನು, ಅದರ ಹೆಸರೇನು ಅಂದರೆ ಮಾತ್ರ ಮೌನ. ಯಾವ ಬಗ್ ಅಂತ ಹೇಳದೇ "ಬಗ್ ಫಿಕ್ಸ್ ಆಯ್ತು" ಅಂದರೆ ನಮ್ಮ ಮ್ಯಾನೇಜರ್ ಒಪ್ಪುತ್ತಾರಾ? :)

ಹಾಗಾದರೆ ಒಳಗೆ ಕೊಳೆ ತುಂಬಿದೆ, ಅದನ್ನು ಆಗಾಗ ತೊಳೆಯಬೇಕು ಅನ್ನೋ ನಂಬಿಕೆ ಬಂದದ್ದೆಲ್ಲಿಂದ? ಹುಡುಕುತ್ತಾ ಹೋದರೆ ಅದಕ್ಕೆ ಮೂರೂವರೆ ಸಾವಿರ ವರ್ಷದ ಇತಿಹಾಸವಿದೆ.

ಮೊದಲು ಈಜಿಪ್ಟಿಗೆ ಹೋಗೋಣ. ಕ್ರಿ.ಪೂ. 1550ರ ಸುಮಾರಿನ ಎಬರ್ಸ್ ಪಪೈರಸ್ಸಿನಲ್ಲಿ ಹೊಟ್ಟೆ ಖಾಲಿ ಮಾಡಿಸುವ ಔಷಧಿಗಳ ದೊಡ್ಡ ಪಟ್ಟಿಯೇ ಇದೆ. ಹೊಟ್ಟೆಯಲ್ಲಿ ಕೊಳೆತದ್ದು ರಕ್ತನಾಳಕ್ಕೆ ಸೇರಿ ರೋಗ ತರುತ್ತದೆ ಅನ್ನುವುದು ಅವರ ಲೆಕ್ಕಾಚಾರ. ಗ್ರೀಕ್ ಇತಿಹಾಸಕಾರ ಹೆರೊಡೋಟಸ್, ಈಜಿಪ್ಟಿನವರು ಪ್ರತಿ ತಿಂಗಳೂ ಸತತ ಮೂರು ದಿನ ವಾಂತಿ, ಎನಿಮಾ ಮಾಡಿಕೊಳ್ಳುತ್ತಿದ್ದರು, ಎಲ್ಲ ರೋಗವೂ ತಿಂದ ಅನ್ನದಿಂದಲೇ ಬರುತ್ತದೆಂದು ನಂಬಿದ್ದರು ಅಂತ ಬರೆದಿದ್ದಾನೆ. ನಮ್ಮ ಮೂರು ದಿನದ ಜ್ಯೂಸಿಗೆ ಎಂಥಾ ಹಿರಿಯ ಅಣ್ಣ ನೋಡಿ!

ನಮ್ಮ ಆಯುರ್ವೇದದಲ್ಲೂ 'ಆಮ'ದ ಕಲ್ಪನೆಯಿದೆ. ಸರಿಯಾಗಿ ಜೀರ್ಣವಾಗದೆ ಉಳಿದದ್ದು ಅದು. ಅದಕ್ಕೇ ವಮನ, ವಿರೇಚನ, ಬಸ್ತಿ, ನಸ್ಯ ಇತ್ಯಾದಿ ಪಂಚಕರ್ಮಗಳು. ಆದರೆ ಒಂದು ಮಾತು ಗಮನಿಸಬೇಕು. ಅಲ್ಲಿ ರೋಗಿಯ ಬಲ, ವಯಸ್ಸು, ಋತು ನೋಡಿ, ಮೊದಲು ಸ್ನೇಹನ-ಸ್ವೇದನ ಮಾಡಿಸಿ, ಆಮೇಲೆ ಗಂಜಿಯಿಂದ ಶುರುಮಾಡಿ ಪಥ್ಯ ಹೇಳುತ್ತಾರೆ. ಕಂಡವರೆಲ್ಲ ಮನೆಯಲ್ಲೇ ಮಾಡಿಕೊಳ್ಳಲಿ ಅಂತ ಅಲ್ಲಿ ಹೇಳಿಲ್ಲ.

ಮನೆಯಲ್ಲಿ ಮಾಡಿಕೊಳ್ಳುತ್ತಿದ್ದದ್ದು ಹರಳೆಣ್ಣೆ. ನಿಮ್ಮ ಅಪ್ಪ-ಅಮ್ಮನನ್ನು ಕೇಳಿ, ಬೇಸಿಗೆ ರಜೆಯಲ್ಲಿ ಮೂಗು ಹಿಡಿದು ಹರಳೆಣ್ಣೆ ಕುಡಿಸಿದ ಕತೆ ಒಂದಾದರೂ ಸಿಗುತ್ತದೆ. ಅದು ಕೆಲಸ ಮಾಡುವ ಬಗೆ ಗೊತ್ತಾದದ್ದು ತೀರಾ ಈಚೆಗೆ. 2012ರಲ್ಲಿ ಜರ್ಮನಿಯ ಸಂಶೋಧಕರು, ಹರಳೆಣ್ಣೆಯಿಂದ ಬರುವ ರಿಸಿನೋಲಿಯಿಕ್ ಆಮ್ಲ ಕರುಳಿನ ಸ್ನಾಯುವಿನ ಮೇಲಿರುವ ಇಪಿ3 ಎಂಬ ಗ್ರಾಹಕಕ್ಕೆ ಅಂಟಿಕೊಂಡು ಕರುಳು ಹಿಂಡುವಂತೆ ಮಾಡುತ್ತದೆ ಅಂತ ತೋರಿಸಿದರು. ಅಂದರೆ ಎಣ್ಣೆ ವಿಷವನ್ನು ಹುಡುಕಿ ಹೆಕ್ಕುವುದಿಲ್ಲ, ಒಂದು ಸ್ವಿಚ್ ಒತ್ತುತ್ತದೆ ಅಷ್ಟೇ.

ಈ ಹಳೇ ನಂಬಿಕೆಗೆ ವಿಜ್ಞಾನದ ಅಂಗಿ ತೊಡಿಸಿದ್ದು 19ನೇ ಶತಮಾನದ ಯೂರೋಪು. ಬ್ಯಾಕ್ಟೀರಿಯಾಗಳು ಆಗಷ್ಟೇ ಪತ್ತೆಯಾಗುತ್ತಿದ್ದ ಕಾಲ. 1887ರಲ್ಲಿ ಫ್ರಾನ್ಸಿನ ವೈದ್ಯ ಶಾರ್ಲ್ ಬುಶಾರ್ 'ಆಟೋ-ಇಂಟಾಕ್ಸಿಕೇಶನ್', ಅಂದರೆ ದೇಹ ತನಗೆ ತಾನೇ ವಿಷವಿಕ್ಕಿಕೊಳ್ಳುವುದು ಎಂಬ ವಾದವನ್ನು ಪುಸ್ತಕವಾಗಿ ತಂದ. ರೋಗನಿರೋಧಕ ಶಕ್ತಿಯ ಸಂಶೋಧನೆಗೆ 1908ರಲ್ಲಿ ನೊಬೆಲ್ ಪಡೆದ ಮೆಚ್ನಿಕಾಫ್, ಮುಪ್ಪಿಗೆ ಕಾರಣ ದೊಡ್ಡಕರುಳಿನ ಕೊಳೆತವೇ ಅಂದ. ಪರಿಹಾರ? ದಿನಾ ಹುಳಿ ಮೊಸರು. (ನಮ್ಮ ಅಜ್ಜಿಯಂದಿರಿಗೆ ನೊಬೆಲ್ ತಪ್ಪಿಹೋಯ್ತು!) ಕಾರ್ನ್‌ಫ್ಲೇಕ್ಸ್ ಖ್ಯಾತಿಯ ಡಾ. ಕೆಲಾಗ್ ಅಮೆರಿಕದ ಬ್ಯಾಟಲ್ ಕ್ರೀಕಿನಲ್ಲಿ ರೋಗಿಗಳಿಗೆ ಮೊಸರನ್ನು ಬಾಯಿಂದಲೂ ಕೊಟ್ಟ, ಎನಿಮಾ ಮೂಲಕ ಇನ್ನೊಂದು ಬದಿಯಿಂದಲೂ ಕೊಟ್ಟ.

ಇಲ್ಲಿಯವರೆಗೆ ನಗಬಹುದು. ಆದರೆ ಲಂಡನ್ನಿನ ಹೆಸರಾಂತ ಸರ್ಜನ್ ಆರ್ಬತ್‌ನಾಟ್ ಲೇನ್ ಇನ್ನೂ ಮುಂದೆ ಹೋದ. ಕೊಳೆ ಕೂರುವ ಜಾಗವೇ ಬೇಡ ಅಂತ, ಮಲಬದ್ಧತೆಯೆಂದು ಬಂದವರ ದೊಡ್ಡಕರುಳನ್ನೇ ಕತ್ತರಿಸಿ ತೆಗೆಯತೊಡಗಿದ. ಆಪರೇಷನ್ನಿನಲ್ಲಿ ಕೆಲವರು ಸತ್ತೇ ಹೋದರು. ತಪ್ಪು ಕಲ್ಪನೆಗೆ ಜನ ಕೊಟ್ಟ ಬೆಲೆ ಅದು.

ಈ ವಾದಕ್ಕೆ ಪೆಟ್ಟು ಬಿದ್ದದ್ದು ಸರಳ ತರ್ಕದಿಂದ. 1919ರಲ್ಲಿ ಅಮೆರಿಕದ ವಾಲ್ಟರ್ ಆಲ್ವರೆಜ್ ಕೇಳಿದ: ಮಲಬದ್ಧತೆಯ ತಲೆನೋವು, ಜಡತನ ರಕ್ತದಲ್ಲಿನ ವಿಷದಿಂದ ಬಂದಿದ್ದರೆ, ಹೊಟ್ಟೆ ಖಾಲಿಯಾದ ಕೆಲವೇ ನಿಮಿಷದಲ್ಲಿ ಹೋಗುವುದು ಹೇಗೆ? ಕುಡಿದವನ ಅಮಲು ಬಾಟಲಿ ಕಿತ್ತುಕೊಂಡ ತಕ್ಷಣ ಇಳಿಯುತ್ತದೆಯೇ? 1922ರಲ್ಲಿ ಡೊನಾಲ್ಡ್‌ಸನ್ ಎಂಬಾತ ಆರೋಗ್ಯವಂತರ ಗುದದಲ್ಲಿ ಹತ್ತಿ ತುಂಬಿ ನೋಡಿದ. ಅದೇ ತಲೆನೋವು, ಅದೇ ಜಡತನ! ಹತ್ತಿಯಲ್ಲಿ ಯಾವ ವಿಷ? ಕರುಳು ಹಿಗ್ಗಿದ್ದರ ತೊಂದರೆ ಅದು. ಅಂದಮೇಲೆ ಹೊಟ್ಟೆ ಖಾಲಿಯಾದಾಗ ಆಗುವ ಹಾಯೆನಿಸುವ ಅನುಭವ ಸುಳ್ಳಲ್ಲ, ಅದಕ್ಕೆ ನಾವು ಕೊಡುವ ಕಾರಣ ಸುಳ್ಳು.

ಅತ್ತ ಇದಕ್ಕೆ ಸಮಾನಾಂತರವಾಗಿ ಇನ್ನೊಂದು ಚರಿತ್ರೆ ಸದ್ದಿಲ್ಲದೆ ನಡೆಯುತ್ತಿತ್ತು. 1841ರಲ್ಲಿ ಅಲೆಕ್ಸಾಂಡರ್ ಯೂರ್ ಎಂಬ ವೈದ್ಯ ಬೆಂಜೋಯಿಕ್ ಆಮ್ಲ ನುಂಗಿಸಿ ಮೂತ್ರ ಪರೀಕ್ಷಿಸಿದ. ಹೊರಬಂದದ್ದು ಬೇರೆಯೇ ವಸ್ತು, ಹಿಪ್ಯೂರಿಕ್ ಆಮ್ಲ. ದೇಹ ತನ್ನಲ್ಲಿರುವ ಗ್ಲೈಸೀನನ್ನು ಅದಕ್ಕೆ ಜೋಡಿಸಿ, ಮೂತ್ರಪಿಂಡ ಸುಲಭವಾಗಿ ಹೊರಹಾಕುವಂತೆ ಮಾಡಿತ್ತು. ಅಂಗಡಿಯ ಸಾಸ್, ಉಪ್ಪಿನಕಾಯಿ ಬಾಟಲಿಗಳ ಮೇಲೆ ಸೋಡಿಯಂ ಬೆಂಜೋಯೇಟ್ ಅಂತ ಓದಿರುತ್ತೀರಲ್ಲ, ಅದಕ್ಕೂ ಇದೇ ಗತಿ. ಇಂಥ ನೂರಾರು ಕ್ರಿಯೆಗಳನ್ನು ಆರ್. ಟಿ. ವಿಲಿಯಮ್ಸ್ 1947ರಲ್ಲಿ ಪುಸ್ತಕವಾಗಿ ಕೂಡಿಸಿದ. ಆ ಪುಸ್ತಕದ ಹೆಸರಲ್ಲೇ 'ಡೀಟಾಕ್ಸಿಕೇಶನ್' ಇದೆ. ಯಕೃತ್ತು ಇಂಥ ವಸ್ತುಗಳ ರೂಪ ಬದಲಿಸುತ್ತದೆ, ಮೂತ್ರಪಿಂಡ ಸೋಸುತ್ತದೆ. ದಿನಕ್ಕೆ ಸುಮಾರು 180 ಲೀಟರ್ ಸೋಸಿ, ಬೇಕಾದ್ದನ್ನೆಲ್ಲ ವಾಪಸ್ ತೆಗೆದುಕೊಂಡು, ಒಂದೂವರೆ ಲೀಟರಿನಷ್ಟು ಹೊರಗೆ ಬಿಡುತ್ತದೆ.

ಆ ಮೂತ್ರಪಿಂಡ ನಿಂತರೆ? 1943ರಲ್ಲಿ ಜರ್ಮನ್ನರ ವಶದಲ್ಲಿದ್ದ ಹಾಲೆಂಡಿನಲ್ಲಿ ವಿಲೆಮ್ ಕಾಲ್ಫ್ ಎಂಬ ಡಾಕ್ಟರು, ಸಾಸೇಜ್ ತುಂಬಲು ಬಳಸುವ ಸೆಲ್ಲೋಫೇನ್ ಕೊಳವೆಯನ್ನು ಮರದ ಪಟ್ಟಿಗಳ ಡ್ರಮ್ಮಿಗೆ ಸುತ್ತಿ ಡಯಾಲಿಸಿಸ್ ಯಂತ್ರ ಮಾಡಿದ. ಮೊದಲ ಹದಿನೈದು ರೋಗಿಗಳಲ್ಲಿ ಬಹುತೇಕ ಎಲ್ಲರೂ ತೀರಿಕೊಂಡರು. 1945ರಲ್ಲಿ 67 ವರ್ಷದ ಹೆಂಗಸೊಬ್ಬಳು ಕೋಮಾದಿಂದ ಎದ್ದು ಬದುಕಿದಳು.

ಇಷ್ಟೆಲ್ಲ ಓದಲು ನನಗೆ ಇನ್ನೂ ಒಂದು ಕಾರಣವಿದೆ. ನಮ್ಮ ಚಿಕ್ಕಪ್ಪನಿಗೆ ಎರಡು ವರ್ಷದಿಂದ ಡಯಾಲಿಸಿಸ್. ವಾರಕ್ಕೆ ಮೂರು ಸಲ, ಪ್ರತಿ ಸಲ ನಾಲ್ಕು ಗಂಟೆ. ಹೋದ ವರ್ಷ ಹಬ್ಬಕ್ಕೆ ಬಂದ ನೆಂಟರೊಬ್ಬರು ಯಾವುದೋ ಹಸಿರು ರಸದ ಬಾಟಲಿ ತಂದು, "ಇದನ್ನ 40 ದಿನ ಕುಡಿ, ಆ ಮಶೀನಿನ ಸಹವಾಸ ಬಿಡು ಮಾರಾಯ, ಪೂರಾ ಕ್ಲೀನ್ ಆಗ್ತದೆ" ಅಂದರು. ಚಿಕ್ಕಪ್ಪ ನಕ್ಕು ಹೇಳಿದರು, "ಭಾವ, ನೀವು ಹೇಳ್ತಿರೋದು ಹೊಟ್ಟೆ ತೊಳೆಯೋ ವಿಚಾರ. ನಂಗೆ ತೊಳೀಬೇಕಾಗಿರೋದು ರಕ್ತ."

ಭಾವನವರ ಪ್ರೀತಿಯ ಬಗ್ಗೆ ಎರಡು ಮಾತಿಲ್ಲ. ಆದರೆ ಚಿಕ್ಕಪ್ಪನಂಥವರಿಗೆ ಎಳನೀರನ್ನೂ ಡಾಕ್ಟರು ಬೇಡ ಅನ್ನುತ್ತಾರೆ. ಅದರಲ್ಲಿ ಪೊಟ್ಯಾಶಿಯಂ ಹೆಚ್ಚು. ಮೂತ್ರಪಿಂಡ ಅದನ್ನು ಹೊರಹಾಕದಿದ್ದರೆ ಹೃದಯದ ಬಡಿತವೇ ನಿಲ್ಲಬಹುದು. ಸೊಪ್ಪು, ಹಣ್ಣಿನ ರಸಗಳಿಗೂ ಇದೇ ಮಾತು. ಎಲ್ಲ ಸರಿಯಿದ್ದವರೂ ಹುಷಾರಾಗಿರಬೇಕು. 2010ರಲ್ಲಿ ದೆಹಲಿಯ ವಿಜ್ಞಾನಿಯೊಬ್ಬರು ಕಹಿಯಾದ ಸೋರೆಕಾಯಿ ರಸ ಕುಡಿದು ತೀರಿಕೊಂಡರು. ಕಹಿ ಬಂದರೆ ಉಗಿದುಬಿಡಿ, 'ಕಹಿಯಿದ್ದರೇ ಔಷಧಿ' ಅಂತ ನುಂಗಬೇಡಿ. 'ನೈಸರ್ಗಿಕ' ಅಂದಮಾತ್ರಕ್ಕೆ ನಿರಪಾಯ ಅಂತಲ್ಲ.

2009ರಲ್ಲಿ ಬ್ರಿಟನ್ನಿನ 'ಸೆನ್ಸ್ ಅಬೌಟ್ ಸೈನ್ಸ್' ಸಂಸ್ಥೆಯ ಯುವ ವಿಜ್ಞಾನಿಗಳು 15 ಡೀಟಾಕ್ಸ್ ಉತ್ಪನ್ನಗಳ ಕಂಪನಿಗಳಿಗೆ ನಾನು ಕ್ಯಾಂಟೀನಿನಲ್ಲಿ ಕೇಳಿದಂಥದ್ದೇ ಪ್ರಶ್ನೆ ಕೇಳಿದರು. ಎರಡು ಕಂಪನಿಗಳ ವಿವರಣೆಯೂ ಒಂದೇ ಥರ ಇರಲಿಲ್ಲವಂತೆ.

ಹಾಗಂತ ಏಕಾದಶಿ ಉಪವಾಸ ಬಿಡಿ, ನಿಂಬೆ ಪಾನಕ ಕುಡಿಯಬೇಡಿ ಅಂತ ನಾನು ಹೇಳುತ್ತಿಲ್ಲ. ರುಚಿಗೆ ಕುಡಿಯಿರಿ, ಭಕ್ತಿಗೆ ಉಪವಾಸ ಮಾಡಿ. ಸೊಪ್ಪು-ತರಕಾರಿ ತಿಂದು, ನೀರು ಕುಡಿದು, ಬಿಪಿ-ಶುಗರ್ ಹಿಡಿತದಲ್ಲಿಟ್ಟು, ಸಿಕ್ಕ ಸಿಕ್ಕ ನೋವಿನ ಮಾತ್ರೆ ನುಂಗದೆ ಇದ್ದರೆ ಮೂತ್ರಪಿಂಡಗಳಿಗೆ ಅದೇ ದೊಡ್ಡ ಉಪಕಾರ. ನೀವಿದನ್ನು ಓದುತ್ತಿರುವಾಗಲೂ ಅವು ನಿಮ್ಮಿಂದ ಒಂದು ಪೈಸೆ ಕೇಳದೆ ಸೋಸುತ್ತಾ ಕೂತಿವೆ. ಆ ಕೆಲಸದ ಬೆಲೆ ಎಷ್ಟು ಅಂತ ಚಿಕ್ಕಪ್ಪನ ಆಸ್ಪತ್ರೆ ಬಿಲ್ಲು ನೋಡಿದ ನಮ್ಮ ಮನೆಯವರಿಗೆಲ್ಲ ಚೆನ್ನಾಗಿ ಗೊತ್ತು.

ನಿಮ್ಮ ಮನೆಯ ಹರಳೆಣ್ಣೆ ಪುರಾಣಗಳಿದ್ದರೆ ಹೇಳಿ, ಕೇಳೋಣ!