ಸವಾಲಿನ ಮೆಟ್ಟಿಲು

ಹರಾಜಿಗೆ ಕನ್ನಡದಲ್ಲಿ ಹೆಸರುಗಳು ಹಲವು. ‘ಹರಾಜು’ ಅರಬ್ಬಿ ಮೂಲದ ಪದ. ಉತ್ತರ ಕರ್ನಾಟಕದ ಬಾಯಿಮಾತಿನ ‘ಲಿಲಾವು’ ಪೋರ್ಚುಗೀಸರ ಕೊಡುಗೆ. ‘ಸವಾಲು’ ಎಂದರೆ ಅರಬ್ಬಿಯಲ್ಲಿ ಪ್ರಶ್ನೆ ಎಂದರ್ಥ. ಇಂಗ್ಲಿಷಿನ ‘ಆಕ್ಷನ್’ ಹುಟ್ಟಿದ್ದು ಏರಿಕೆ ಎಂಬ ಅರ್ಥದ ಲ್ಯಾಟಿನ್ ಪದದಿಂದ. ಇಡೀ ವ್ಯವಹಾರದ ಮರ್ಮ ಈ ಕೊನೆಯ ಅರ್ಥದಲ್ಲಿದೆ. ಬೆಲೆ ಏರಬೇಕು, ನಿಜ. ಆದರೆ ಒಂದೊಂದು ಸಲಕ್ಕೆ ಎಷ್ಟು ಏರಬೇಕು?

ಹಳ್ಳಿಯ ಕಟ್ಟೆಯ ಮೇಲೆ ನಡೆಯುವ ಸವಾಲಿನಲ್ಲಿ ಇದು ಕೂಗುವವನ ಜಾಣತನಕ್ಕೆ ಬಿಟ್ಟ ವಿಷಯ. ನೂರು ನೂರಾಗಿ ಏರುತ್ತಿದ್ದ ಬೆಲೆ ಒಂದು ಹಂತದಲ್ಲಿ ನಿಂತರೆ ಆತ ಎದುರಿನವರ ಮುಖ ನೋಡಿ ಏರಿಕೆಯನ್ನು ಐವತ್ತಕ್ಕೆ, ಇಪ್ಪತ್ತಕ್ಕೆ ತಗ್ಗಿಸುತ್ತಾನೆ. ಗಣಕಯಂತ್ರದ ಪರದೆಯ ಮೇಲಿನ ಹರಾಜಿನಲ್ಲಿ ಮುಖವೇ ಇಲ್ಲ. ಅಲ್ಲಿ ಮೆಟ್ಟಿಲಿನ ಎತ್ತರವನ್ನು ಪಟ್ಟಿಯೊಂದು ಮೊದಲೇ ಗೊತ್ತುಮಾಡಿರುತ್ತದೆ. ಬೆಲೆ ಹೆಚ್ಚಿದಂತೆ ಮೆಟ್ಟಿಲೂ ಎತ್ತರವಾಗುತ್ತದೆ. ಹಳೆಯ ನಾಣ್ಯ, ಅಂಚೆಚೀಟಿಗಳನ್ನು ಸಂಗ್ರಹಿಸುವವರ ನಡತೆಯನ್ನು ಈ ಸಣ್ಣ ಪಟ್ಟಿ ಎಷ್ಟೋ ರೀತಿಯಲ್ಲಿ ತಿದ್ದಿದೆ.

ಇದರ ಚರಿತ್ರೆ ಗಣಕಯಂತ್ರಕ್ಕಿಂತ ಹಳೆಯದು. ದೂರದ ಊರಿನ ಸಂಗ್ರಾಹಕರು ಕಾಗದ ಬರೆದು ತಮ್ಮ ಗರಿಷ್ಠ ಬೆಲೆಯನ್ನು ತಿಳಿಸುವ ಅಂಚೆಚೀಟಿ ಹರಾಜುಗಳು ಅಮೆರಿಕದಲ್ಲಿ 1893ರ ಹೊತ್ತಿಗೇ ಇದ್ದವು. ಗೆದ್ದವನು ತಾನು ಬರೆದಷ್ಟು ಕೊಡಬೇಕಿರಲಿಲ್ಲ. ಎರಡನೆಯವನ ಬೆಲೆಗಿಂತ ಒಂದು ಮೆಟ್ಟಿಲು ಹೆಚ್ಚು ಕೊಟ್ಟರೆ ಸಾಕಿತ್ತು. ಎರಡನೆಯವನ ಬೆಲೆಯನ್ನೇ ಗೆದ್ದವನು ಕೊಡುವಂತಿದ್ದರೆ ಯಾರೂ ತಮ್ಮ ಮನಸ್ಸಿನ ಬೆಲೆಯನ್ನು ಮುಚ್ಚಿಡಬೇಕಿಲ್ಲ ಎಂದು ಅರ್ಥಶಾಸ್ತ್ರಜ್ಞ ವಿಲಿಯಂ ವಿಕ್ರಿ 1961ರಲ್ಲಿ ತರ್ಕಬದ್ಧವಾಗಿ ತೋರಿಸಿದರು. 1996ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಘೋಷಣೆಯಾಯಿತು. ಮೂರೇ ದಿನಗಳಲ್ಲಿ ಅವರು ತೀರಿಕೊಂಡರು. ಅದಕ್ಕೆ ಒಂದು ವರ್ಷ ಮೊದಲು, 1995ರಲ್ಲಿ, ಅಮೆರಿಕದಲ್ಲಿ ಆರಂಭವಾದ ಈಬೇ ಇಂಥದೇ ಪದ್ಧತಿಯನ್ನು ಲಕ್ಷಾಂತರ ಜನರ ಮನೆಗೆ ತಲುಪಿಸಿತು. ನಿಮ್ಮ ಗರಿಷ್ಠ ಬೆಲೆಯನ್ನು ಗುಟ್ಟಾಗಿ ತಿಳಿಸಿದರೆ ಯಂತ್ರವೇ ನಿಮ್ಮ ಪರವಾಗಿ ಮೆಟ್ಟಿಲು ಮೆಟ್ಟಿಲಾಗಿ ಕೂಗುತ್ತದೆ.

ನಮ್ಮ ನೆಲದ ಉದಾಹರಣೆಯನ್ನೇ ನೋಡೋಣ. ಭೀಮೆಯ ದಂಡೆಯ ದೇವಣಗಾಂವದಿಂದ ಮುದ್ದೇಬಿಹಾಳದ ಸೀಮೆಯವರೆಗಿನ ನಾಡು ಒಂದು ಕಾಲಕ್ಕೆ ವಿಜಾಪುರದ ಆದಿಲ್‌ಶಾಹಿಗಳದು. 1656ರಿಂದ 1672ರವರೆಗೆ ಆಳಿದ ಎರಡನೆಯ ಅಲಿ ಆದಿಲ್‌ಶಹನ ಹೆಸರಿನಲ್ಲಿ ‘ಲಾರಿ’ ಎಂಬ ವಿಚಿತ್ರ ನಾಣ್ಯ ಹೊರಟಿತು. ಅದು ದುಂಡಗಿಲ್ಲ, ಬೆಳ್ಳಿಯ ತಂತಿಯನ್ನು ಮಡಿಸಿ ಅದರ ಮೇಲೆ ಅಕ್ಷರ ಒತ್ತಿದ್ದು. ತೂಕ ಐದು ಗ್ರಾಂಗೆ ಸ್ವಲ್ಪ ಕಡಿಮೆ. ಪರ್ಷಿಯದ ಲಾರ್ ಪಟ್ಟಣದಿಂದ ಹೆಸರು ಪಡೆದ ಈ ಬಗೆಯ ನಾಣ್ಯ ಅರಬ್ಬಿ ಸಮುದ್ರದ ವ್ಯಾಪಾರದಲ್ಲಿ ಚಲಾವಣೆಯಲ್ಲಿತ್ತು. ಇಂದು ನಾಣ್ಯಗಳ ಹರಾಜಿನಲ್ಲಿ ಇದು ಆಗಾಗ ಕಾಣಿಸಿಕೊಳ್ಳುತ್ತದೆ.

ಇಂಥ ಒಂದು ಲಾರಿಗೆ ನೀವು 5,000 ರೂಪಾಯಿ ಗರಿಷ್ಠ ಬೆಲೆ ಇಟ್ಟಿರಿ, ಎದುರಾಳಿ 4,000 ಇಟ್ಟ, ಮೆಟ್ಟಿಲು 100 ರೂಪಾಯಿ ಎನ್ನಿ. ನಾಣ್ಯ ನಿಮಗೆ 4,100ಕ್ಕೆ ಸಿಗುತ್ತದೆ. ಆದರೆ ಎದುರಾಳಿ 4,950 ಇಟ್ಟಿದ್ದರೆ? ಮುಂದಿನ ಮೆಟ್ಟಿಲು 5,050. ಅದು ನಿಮ್ಮ ಮಿತಿಯ ಆಚೆಗಿದೆ. ಆಗ ನೀವು ಪೂರಾ 5,000 ತೆರುತ್ತೀರಿ. ಇಬ್ಬರ ಅಂತರ ಒಂದು ಮೆಟ್ಟಿಲಿಗಿಂತ ಕಡಿಮೆಯಾದಾಗ ವಿಕ್ರಿಯವರ ತರ್ಕ ನಿಲ್ಲುವುದಿಲ್ಲ. ಇದನ್ನು ಅರಿತ ಸಂಗ್ರಾಹಕರು ತಮ್ಮ ನಿಜವಾದ ಬೆಲೆಗಿಂತ ತುಸು ಕಡಿಮೆ ಬರೆಯುತ್ತಾರೆ. ಕೆಲವರು 5,000ದ ಬದಲು 5,011 ಎಂದು ಬರೆದು, ದುಂಡು ಅಂಕಿ ಬರೆದವರನ್ನು ಹನ್ನೊಂದೇ ರೂಪಾಯಿಯಿಂದ ಸೋಲಿಸುತ್ತಾರೆ. ಮದುವೆಯ ಮುಯ್ಯಿಗೆ ನಾವು ಒಂದು ರೂಪಾಯಿ ಸೇರಿಸುವುದು ಶುಭಕ್ಕೆ. ಇಲ್ಲಿ ಸೇರಿಸುವುದು ಲಾಭಕ್ಕೆ! ಮೆಟ್ಟಿಲಿನ ಅಂಕಿಗಳನ್ನು ಮಾತ್ರ ಒಪ್ಪುವ ಕಡೆ ಈ ಉಪಾಯ ನಡೆಯದು. ಅಲ್ಲಿ ಸಮಬೆಲೆ ಬಂದರೆ ಸಾಮಾನ್ಯವಾಗಿ ಮೊದಲು ಬರೆದವನಿಗೇ ಜಯ. ಹಾಗಾಗಿ ಬೇಗ ಬರುವುದೇ ಜಾಣತನ.

ಬೇರೆಡೆ ಕೊನೆಯ ಗಳಿಗೆಯ ಧಾವಂತ. ಇದೂ ಹೊಸದಲ್ಲ. ಹದಿನೇಳನೆಯ ಶತಮಾನದ ಲಂಡನ್ನಿನಲ್ಲಿ ಉರಿಯುವ ಮೋಂಬತ್ತಿ ಆರುವವರೆಗೆ ಕೂಗುವ ಹರಾಜುಗಳಿದ್ದವು. ದಿನಚರಿಕಾರ ಸ್ಯಾಮುಯೆಲ್ ಪೀಪ್ಸ್ 1662ರಲ್ಲಿ ಒಬ್ಬ ಚತುರನನ್ನು ಕಂಡ: ಆರುವ ಮುನ್ನ ಹೊಗೆ ಕೆಳಗಿಳಿಯುವುದನ್ನು ಆತ ಗುರುತಿಸಿ, ಸರಿಯಾಗಿ ಆ ಕ್ಷಣಕ್ಕೆ ಕೂಗಿ ಗೆಲ್ಲುತ್ತಿದ್ದ. ಈಬೇಯಲ್ಲಿ ಗಡಿಯಾರ ನಿಗದಿಯಾದ ಹೊತ್ತಿಗೆ ನಿಲ್ಲುತ್ತಿತ್ತು. ಅಮೆಜಾನಿನ ಆಗಿನ ಹರಾಜಿನಲ್ಲಿ ಕೊನೆಗೆ ಯಾರಾದರೂ ಕೂಗಿದರೆ ಹತ್ತು ನಿಮಿಷ ಮುಂದುವರಿಯುತ್ತಿತ್ತು. ಎರಡನ್ನೂ ಹೋಲಿಸಿದ ಆಲ್ವಿನ್ ರಾತ್ ಮತ್ತು ಆಕ್ಸೆಲ್ ಓಕೆನ್‌ಫೆಲ್ಸ್, ಕೊನೆಗಳಿಗೆಯ ಕೂಗು ಈಬೇಯಲ್ಲೇ ಬಹಳ ಹೆಚ್ಚು ಎಂದು 2002ರಲ್ಲಿ ಪ್ರಕಟಿಸಿದರು.

ಹಾಗಾದರೆ ಮೆಟ್ಟಿಲು ಎಷ್ಟಿದ್ದರೆ ಒಳಿತು? ತೀರ ಗಿಡ್ಡವಾದರೆ ಹರಾಜು ಎಳೆಯುತ್ತದೆ. ‘ಇನ್ನು ಐವತ್ತೇ ರೂಪಾಯಿ ತಾನೆ’ ಎನ್ನುತ್ತ ಮನೆಯಿಂದ ಹೊರಡುವಾಗ ಹಾಕಿಕೊಂಡ ಮಿತಿಯನ್ನು ಸಂಗ್ರಾಹಕ ತನಗರಿವಿಲ್ಲದೆ ದಾಟುತ್ತಾನೆ. ತೀರ ಎತ್ತರವಾದರೆ ಬೇರೆ ಅನ್ಯಾಯ. ಬೆಲೆ 5,000ಕ್ಕೆ ನಿಂತಿದೆ, ಮೆಟ್ಟಿಲು 500. ಆ ಬೆಲೆ ಹಿಡಿದವನ ಮಿತಿ 5,100. ವಿಜಯಪುರದ ಚರಿತ್ರೆಯನ್ನೇ ಹುಡುಕುತ್ತಿರುವ ಒಬ್ಬ ಶಾಲಾ ಮಾಸ್ತರರು 5,400 ಕೊಡಲು ಸಿದ್ಧ. ಆದರೆ ಅವರಿಗೆ ಅಲ್ಲಿ ನಿಲ್ಲಲು ಮೆಟ್ಟಿಲಿಲ್ಲ, 5,500 ಅವರಿಂದಾಗದು. ಹೆಚ್ಚು ಬಯಸಿದವರಿಗೆ ನಾಣ್ಯ ದಕ್ಕಲಿಲ್ಲ, ಮಾರಿದವನಿಗೂ ಹಣ ತಪ್ಪಿತು. ಗೆದ್ದ ಬೆಲೆಯ ಮೇಲೆ ಹರಾಜು ಸಂಸ್ಥೆ ನೂರಕ್ಕೆ 20ರಂತೆ ಶುಲ್ಕ ಸೇರಿಸಿದರೆ 500ರ ಮೆಟ್ಟಿಲು ಕೊಳ್ಳುವವನಿಗೆ 600 ಆಗುತ್ತದೆ. ದೊಡ್ಡ ಹಣವಂತನಿಗೆ ಈ ಅಂತರ ಕಾಣುವುದೇ ಇಲ್ಲ. ಬೇಕೆಂದೇ ಎರಡು ಮೂರು ಮೆಟ್ಟಿಲು ಹಾರಿ ಕೂಗಿ ಎದುರಾಳಿಗಳನ್ನು ಹೆದರಿಸುವವರೂ ಉಂಟು.

ಹಳೆಯ ವಸ್ತುಗಳ ಹರಾಜಿನಲ್ಲಿ ಹಣದ ಜೊತೆಗೆ ಒಂದು ಸೀಮೆಯ ನೆನಪೂ ಕೈ ಬದಲಾಯಿಸುತ್ತದೆ. ಕಟ್ಟೆಯ ಸವಾಲಿನವನಂತೆ, ಬೆಲೆ ನಿಂತಾಗ ಕೊನೆಗೊಮ್ಮೆ ಮೆಟ್ಟಿಲನ್ನು ಅರ್ಧಕ್ಕಿಳಿಸುವ ನಿಯಮವನ್ನು ಯಂತ್ರಕ್ಕೂ ಕಲಿಸುವುದು ಕಷ್ಟವೇನಲ್ಲ. ಅಲ್ಲಿಯವರೆಗೆ ಕೊಳ್ಳುವವರು ನಾಣ್ಯದ ಚಿತ್ರ ನೋಡುವ ಮೊದಲು ಏರಿಕೆಯ ಪಟ್ಟಿಯನ್ನು ಓದಿ, ಶುಲ್ಕವನ್ನೂ ಸೇರಿಸಿ ತಮ್ಮ ಮಿತಿಯನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳುವುದು ಕ್ಷೇಮ.