ಹಂಡೆಯೊಳಗಿನ ಕುಂಡ

ನಮ್ಮ ಲೋಕಾಪುರದ ಕಡೆ ಹಳೇ ಮನೆಗಳ ಪಡಸಾಲೆಯಲ್ಲಿ ತಾಮ್ರದ ಹಂಡೆಯೊಳಗೆ ಮನಿಪ್ಲಾಂಟ್ ಕೂತಿದ್ದನ್ನು ನೀವೂ ನೋಡಿರಬಹುದು. ಬಚ್ಚಲ ಒಲೆಯ ಮೇಲೆ ನೀರು ಕಾಯಿಸುತ್ತಿದ್ದ ಹಂಡೆ ಗೀಸರ್, ಸೋಲಾರ್ ಬಂದ ಮೇಲೆ ನಿರುದ್ಯೋಗಿಯಾಯಿತು. ಮಸಿ ತಿಕ್ಕಿ, ಹುಣಸೆಹಣ್ಣು ಹಚ್ಚಿ ಬೆಳಗಿ, ಒಳಗೆ ನರ್ಸರಿಯ ಪ್ಲಾಸ್ಟಿಕ್ ಕುಂಡ ಇಳಿಸಿಬಿಟ್ಟರೆ ಮುಗಿಯಿತು. ಗಿಡ ಹಂಡೆಯಲ್ಲಿ ಬೆಳೆದಂತೆ ಕಾಣುತ್ತದೆ, ಬೆಳೆಯುವುದು ಮಾತ್ರ ಪ್ಲಾಸ್ಟಿಕ್ಕಿನಲ್ಲಿ :)

ಇಂಥ ಹೊರಕುಂಡಕ್ಕೆ ಫ್ರೆಂಚರು ಇಟ್ಟ ಹೆಸರು ಕ್ಯಾಶ್‌ಪೋ. ಅಂದರೆ ಕುಂಡವನ್ನು ಮರೆಮಾಡುವುದು ಅಂತ. ಕುಂಡದ ತಳಕ್ಕೆ ತೂತು ಇರಲೇಬೇಕು, ಇಲ್ಲದಿದ್ದರೆ ಬೇರು ಕೊಳೆಯುತ್ತದೆ. ತೂತಿದ್ದರೆ ದಿವಾನಖಾನೆಯ ನೆಲ ಹಾಳು! ಅದಕ್ಕೇ ತೂತಿಲ್ಲದ ಪಿಂಗಾಣಿ ಪಾತ್ರೆ. ನಮ್ಮಲ್ಲಿ ಈ ತಲೆನೋವೇ ಇರಲಿಲ್ಲ. ತುಳಸಿ ಅಂಗಳದ ಕಟ್ಟೆಯಲ್ಲಿ, ಮಲ್ಲಿಗೆ ಹಿತ್ತಲಲ್ಲಿ. ಹೆಚ್ಚಾದ ನೀರು ಭೂಮಿಗೆ.

ತೂತಿಲ್ಲದ ಪಾತ್ರೆಗೂ ಕರ್ನಾಟಕಕ್ಕೂ ಇನ್ನೊಂದು ನಂಟಿದೆ. 1883ರಲ್ಲಿ ರೊನಾಲ್ಡ್ ರಾಸ್ ಎಂಬ ಸೇನಾ ವೈದ್ಯ ಬೆಂಗಳೂರಿಗೆ ಬಂದ. ಅವನಿದ್ದ ಬಂಗಲೆಯಲ್ಲಿ ವಿಪರೀತ ಸೊಳ್ಳೆ. ಹುಡುಕಿದರೆ ಕಿಟಕಿಯ ಹೊರಗಿದ್ದ ತೊಟ್ಟಿಯ ನೀರಿನಲ್ಲಿ ಮರಿಹುಳುಗಳು ಕುಣಿಯುತ್ತಿದ್ದವು. ತೊಟ್ಟಿ ಬೋರಲು ಹಾಕಿದ, ಸೊಳ್ಳೆ ಕಡಿಮೆಯಾದವು. ಮಲೇರಿಯಾಕ್ಕೂ ಸೊಳ್ಳೆಗೂ ಇರುವ ಸಂಬಂಧವನ್ನು ಅವನು ಸಿಕಂದರಾಬಾದಿನಲ್ಲಿ ಕಂಡದ್ದು 1897ರಲ್ಲಿ, ನೊಬೆಲ್ ಬಂದದ್ದು 1902ರಲ್ಲಿ. ನನಗೆ ಮಾತ್ರ ಆ ಬೋರಲು ಹಾಕಿದ ತೊಟ್ಟಿಯೇ ಹೆಚ್ಚು ಇಷ್ಟ.

ಈಗ ಹಂಡೆಗೆ ಬರೋಣ. ಗಿಡಕ್ಕೆ ಹಾಕಿದ ನೀರು ಒಳಕುಂಡದಿಂದ ಸೋರಿ ಹಂಡೆಯ ತಳದಲ್ಲಿ ನಿಲ್ಲುತ್ತದೆ. ಕತ್ತಲು, ತಂಪು, ಅಲುಗಾಡದ ನೀರು... ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಇನ್ನೇನು ಬೇಕು? ಮೊಟ್ಟೆಯಿಂದ ಸೊಳ್ಳೆಯಾಗಲು ವಾರ-ಹತ್ತು ದಿನ ಸಾಕು. ಅದು ಮೊಟ್ಟೆ ಅಂಟಿಸುವುದು ನೀರಿನ ಅಂಚಿಗಿಂತ ತುಸು ಮೇಲೆ, ಪಾತ್ರೆಯ ಗೋಡೆಗೆ. ನೀರು ಚೆಲ್ಲಿದರೂ ಆ ಮೊಟ್ಟೆ ಒಣಗಿಕೊಂಡೇ ತಿಂಗಳುಗಟ್ಟಲೆ ಬದುಕುತ್ತದೆ. ತಾಮ್ರಕ್ಕೆ ಹುಳು ಸಾಯುತ್ತದೆ ಅನ್ನುವವರಿದ್ದಾರೆ. ಮಣ್ಣು, ಕೊಳೆತ ಎಲೆ ಸೇರಿದ ನೀರಿನಲ್ಲಿ ಅದನ್ನೇ ನೆಚ್ಚಿ ಕೂರುವುದು ಬೇಡ. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟ ಮನೆಗಳಿಗೆ ನಗರದಲ್ಲಿ 400, ಹಳ್ಳಿಯಲ್ಲಿ 200 ರೂಪಾಯಿ ದಂಡ ಇಟ್ಟಿತು.

ಅಡಿಯಲ್ಲಿ ಇಟ್ಟಿಗೆ ಇಟ್ಟರೆ ಬೇರೇನೋ ಉಳಿಯುತ್ತದೆ, ನೀರು ಅಲ್ಲೇ ಇರುತ್ತದೆ. ವಾರಕ್ಕೊಮ್ಮೆ ಕುಂಡ ಎತ್ತಿ, ನೀರನ್ನು ತುಳಸಿಗೆ ಸುರಿದು, ಹಂಡೆಯ ಒಳಮೈಯನ್ನು ತೆಂಗಿನ ನಾರಿನಿಂದ ತಿಕ್ಕಬೇಕು. ಬಾಯಿ ಕಿರಿದು, ಕೈ ನೋಯುತ್ತದೆ, ನಿಜ. ತಳಕ್ಕೊಂದು ತೂತು ಹೊಡೆಸಿಬಿಡಿ ಅಂತ ಸಲಹೆ ಕೊಡುವವರಿದ್ದಾರೆ. ಅಜ್ಜಿಯ ಕಾಲದ ಹಂಡೆಗೆ ತೂತೇ? ನಾನಂತೂ ಒಲ್ಲೆ!