ಸಣ್ಣ ದೇಶದ ಪ್ರತಿನಿಧಿ

ಮಾದರಿ ವಿಶ್ವಸಂಸ್ಥೆ ಸಮ್ಮೇಳನಗಳಲ್ಲಿ ದೇಶಗಳನ್ನು ಹಂಚುವಾಗ ವಿದ್ಯಾರ್ಥಿಗಳ ಮುಖ ನೋಡಬೇಕು. ಅಮೆರಿಕ, ರಷ್ಯಾ, ಚೀನಾ ಸಿಕ್ಕವರು ಆಗಲೇ ಅರ್ಧ ಗೆದ್ದವರಂತೆ ಬೀಗುತ್ತಾರೆ. ಸಣ್ಣ ದೇಶ ಪಾಲಿಗೆ ಬಂದವರು ಅದನ್ನು ಭೂಪಟದಲ್ಲಿ ಹುಡುಕುತ್ತಾ, ‘ನಮ್ಮ ಮಾತು ಯಾರು ಕೇಳ್ತಾರೆ?’ ಎಂದು ಸಪ್ಪಗಾಗುತ್ತಾರೆ. ಆಮೇಲೆ ಸಿಕ್ಕ ಒಂದೆರಡು ನಿಮಿಷದಲ್ಲಿ ಶಾಂತಿ, ಸಹಕಾರ, ಸೌಹಾರ್ದ ಎಂದು ಯಾವ ದೇಶ ಬೇಕಾದರೂ ಆಡಬಹುದಾದ ನಾಲ್ಕು ಮಾತು ಆಡಿ ಕೂರುತ್ತಾರೆ. ಅಂಥವರಿಗೆ 1936ರ ಜಿನೀವಾದ ಒಂದು ಭಾಷಣ ಗೊತ್ತಿರಬೇಕು.

ಈ ಅಣಕು ಅಧಿವೇಶನಗಳು ವಿಶ್ವಸಂಸ್ಥೆಗಿಂತ ಹಳೆಯವು. 1920ರ ದಶಕದಲ್ಲೇ ಅಮೆರಿಕದ ವಿದ್ಯಾರ್ಥಿಗಳು ಮಾದರಿ ರಾಷ್ಟ್ರಸಂಘ ನಡೆಸುತ್ತಿದ್ದರು. ಅವರು ಅನುಕರಿಸುತ್ತಿದ್ದ ಅಸಲಿ ರಾಷ್ಟ್ರಸಂಘಕ್ಕೆ ದೊಡ್ಡ ಪರೀಕ್ಷೆ ಬಂದದ್ದು 1935ರ ಅಕ್ಟೋಬರ್‌ನಲ್ಲಿ. ಮುಸೊಲಿನಿಯ ಇಟಲಿ ಇಥಿಯೋಪಿಯಾದ ಮೇಲೆ ದಂಡೆತ್ತಿ ಹೋಯಿತು. ಎರಡೂ ಸಂಘದ ಸದಸ್ಯ ರಾಷ್ಟ್ರಗಳೇ. ಸಂಘ ಇಟಲಿಯನ್ನು ಆಕ್ರಮಣಕಾರನೆಂದು ಸಾರಿ ಆರ್ಥಿಕ ನಿರ್ಬಂಧ ಹೇರಿತು. ಆದರೆ ಯುದ್ಧಕ್ಕೆ ನಿಜಕ್ಕೂ ಬೇಕಾಗಿದ್ದ ಪೆಟ್ರೋಲಿಯಂ ತೈಲವನ್ನು ಆ ಪಟ್ಟಿಯಿಂದ ಬಿಟ್ಟಿತು. 1936ರ ಮೇ 5ರಂದು ಅಡಿಸ್ ಅಬಾಬ ಇಟಲಿಯ ವಶವಾಯಿತು.

ಜೂನ್ 30ರಂದು ದೇಶಭ್ರಷ್ಟನಾದ ಚಕ್ರವರ್ತಿ ಹೈಲೆ ಸೆಲಾಸಿ ಜಿನೀವಾದ ವೇದಿಕೆ ಹತ್ತಿದ. ಬಾಯಿ ತೆರೆಯುವ ಮೊದಲೇ ಇಟಲಿಯ ಪತ್ರಕರ್ತರು ಗ್ಯಾಲರಿಯಿಂದ ಶಿಳ್ಳೆ ಹೊಡೆದು ಗದ್ದಲ ಎಬ್ಬಿಸಿದರು. ಅವರನ್ನು ಹೊರಗೆ ಹಾಕುವವರೆಗೂ ಆತ ಸುಮ್ಮನೆ ನಿಂತಿದ್ದ. ರಾಜತಂತ್ರದ ಭಾಷೆಯಾದ ಫ್ರೆಂಚ್ ಅವನಿಗೆ ಚೆನ್ನಾಗಿ ಬರುತ್ತಿತ್ತು. ಆದರೂ ತನ್ನ ಅಮ್ಹಾರಿಕ್ ಭಾಷೆಯಲ್ಲೇ ಮಾತಾಡಿದ.

ಆ ಭಾಷಣದ ಕಟ್ಟಡ ಸರಳ. ಒಬ್ಬ ದೊರೆ ತಾನೇ ಈ ಸಭೆಯ ಮುಂದೆ ಏಕೆ ನಿಂತಿದ್ದಾನೆ ಎಂಬುದು ಮೊದಲು. ನಡೆದದ್ದೇನು ಎಂಬುದು ನಂತರ. ‘ಅಮಾನುಷ ಕೃತ್ಯ’ ಎಂದಷ್ಟೇ ಹೇಳಿ ಆತ ಮುಂದೆ ಹೋಗಲಿಲ್ಲ. ವಿಮಾನಗಳು ಒಂಬತ್ತು, ಹದಿನೈದು, ಹದಿನೆಂಟರ ಗುಂಪಿನಲ್ಲಿ ಒಂದರ ಹಿಂದೆ ಒಂದು ಹಾರಿ ವಿಷವನ್ನು ಮಳೆಯಂತೆ ಸುರಿದದ್ದನ್ನು, ಅದು ಸೈನಿಕರ ಜೊತೆ ಹೆಂಗಸರು, ಮಕ್ಕಳು, ದನಕರು, ಕೆರೆ, ಹುಲ್ಲುಗಾವಲುಗಳ ಮೇಲೂ ಬಿದ್ದದ್ದನ್ನು ವಿವರಿಸಿದ. ಬಳಿಕ ಸದಸ್ಯ ರಾಷ್ಟ್ರಗಳು ಸಹಿ ಹಾಕಿ ಕೊಟ್ಟ ಮಾತನ್ನು ನೆನಪಿಸಿದ. ಕೊನೆಗೆ, ನನ್ನ ಜನರಿಗೆ ನಾನು ಏನೆಂದು ಉತ್ತರ ಒಯ್ಯಲಿ ಎಂದು ಕೇಳಿದ.

ಉತ್ತರ ಬೇಗನೇ ಬಂತು. ಜುಲೈ 15ಕ್ಕೆ ಇಟಲಿಯ ಮೇಲಿನ ನಿರ್ಬಂಧಗಳೆಲ್ಲ ತೆರವಾದವು. ಮತ ಎಣಿಸುವವರ ಲೆಕ್ಕದಲ್ಲಿ ಆ ಭಾಷಣ ಸೋತಿತು. ಆದರೆ ಅಂದು ಅಲ್ಲಿ ಕೂತಿದ್ದ ಯಾರೂ ನಮಗೆ ತಿಳಿದಿರಲಿಲ್ಲ ಎಂದು ಮುಂದೆ ಹೇಳುವಂತಿರಲಿಲ್ಲ. ಬಲವಿಲ್ಲದವನ ಮಾತು ಮಾಡಬಹುದಾದ ಕೆಲಸ ಇದು: ಬಲವಿದ್ದವರ ಕೈಯಿಂದ ನೆಪವನ್ನು ಕಿತ್ತುಕೊಳ್ಳುವುದು. 1963ರಲ್ಲಿ ವಿಶ್ವಸಂಸ್ಥೆಯ ಸಾಮಾನ್ಯ ಸಭೆಯಲ್ಲಿ ಮಾತಾಡುವಾಗ ಆತ ಜಿನೀವಾದ ಆ ದಿನವನ್ನೇ ನೆನೆದ.

ಉದ್ದ ಮಾತಾಡಿದರೆ ಬಲ ಬರುತ್ತದೆಯೇ? 1957ರ ಜನವರಿ 23 ಮತ್ತು 24ರಂದು ವಿ.ಕೆ. ಕೃಷ್ಣ ಮೆನನ್ ಕಾಶ್ಮೀರದ ಬಗ್ಗೆ ಭದ್ರತಾ ಮಂಡಳಿಯಲ್ಲಿ ಸುಮಾರು ಎಂಟು ಗಂಟೆ ಮಾತಾಡಿದರು. ಆ ದಾಖಲೆಯನ್ನು ನಾವು ಇಂದಿಗೂ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆದರೆ 24ರಂದೇ ಭಾರತಕ್ಕೆ ಒಪ್ಪಿಗೆಯಿಲ್ಲದ ಗೊತ್ತುವಳಿ ಹತ್ತು ಮತಗಳಿಂದ ಅಂಗೀಕಾರವಾಯಿತು. ವಿರುದ್ಧ ಒಂದು ಮತವೂ ಬೀಳಲಿಲ್ಲ. ಸೋವಿಯತ್ ಒಕ್ಕೂಟ ತಟಸ್ಥವಾಗಿತ್ತು. ಆ ಎಂಟು ಗಂಟೆ ನಮಗೆ ನೆನಪಿದೆ. ಅದರೊಳಗಿನ ಒಂದು ವಾದವನ್ನು ಹೇಳಿ ಎಂದರೆ ಹೆಚ್ಚಿನವರು ತಡವರಿಸುತ್ತಾರೆ.

ಜಿನೀವಾದಲ್ಲಿ ಕಲಿಯಬೇಕಾದ ಇನ್ನೊಂದು ವಿಷಯವಿದೆ. ಇಥಿಯೋಪಿಯಾದಲ್ಲಿ ಗುಲಾಮಗಿರಿ ಇನ್ನೂ ಇತ್ತು. ಇಟಲಿ ಅದನ್ನೇ ಮುಂದಿಟ್ಟು ತನ್ನ ದಾಳಿಗೆ ನಾಗರಿಕತೆಯ ಹೆಸರು ಕೊಟ್ಟಿತ್ತು. ಎದುರಾಳಿ ಮೊದಲು ಕೈಹಾಕುವುದು ನಮ್ಮ ಹುಣ್ಣಿಗೆ. ನಮ್ಮ ಪಾಲಿನ ದೇಶದ ಹಿರಿಮೆಯನ್ನಷ್ಟೇ ಓದಿಕೊಂಡು ಹೋದರೆ ಮೊದಲ ಪ್ರಶ್ನೆಗೇ ನಾಲಗೆ ಒಣಗುತ್ತದೆ.

ಹಾಗಾಗಿ ಸಣ್ಣ ದೇಶ ಸಿಕ್ಕಿತೆಂದು ಕೊರಗಬೇಡಿ. ನಾನೇ ಏಕೆ ಈ ಮಾತು ಆಡಬೇಕು, ನಡೆದದ್ದೇನು, ಈ ಕೋಣೆಯಲ್ಲಿ ಯಾರು ಯಾವ ಮಾತು ಕೊಟ್ಟಿದ್ದರು ಎಂಬ ಮೂರನ್ನು ಗೊತ್ತುಮಾಡಿಕೊಳ್ಳಿ. ಎರಡು ನಿಮಿಷಕ್ಕೆ ಅಷ್ಟು ಸಾಕು. ಬಹುಮಾನ ಅಮೆರಿಕದ ಮೇಜಿಗೇ ಹೋಗಬಹುದು. ಆದರೆ ನೀವು ಕೇಳಿದ ಪ್ರಶ್ನೆ ಸರಿಯಾಗಿದ್ದರೆ, ಆ ಮೇಜಿನಲ್ಲಿ ಕೂತ ವಿದ್ಯಾರ್ಥಿ ಅದನ್ನು ಮನೆಗೆ ಹೊತ್ತೊಯ್ಯುತ್ತಾನೆ.